ವಿಶಾಖಪಟ್ಟಣ, ವಿಜಯವಾಡದ ಓಡಾಟ: ಮೊದಲು ವೇಳಾಪಟ್ಟಿ, ಆಮೇಲೆ ಪಾಯಿಂಟು

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗೆ ಗುಂಟೂರು ಯಾರ್ಡಿನಲ್ಲಿ ತುರ್ತು ಕೆಲಸ ಬಿದ್ದರೆ, ವಿಮಾನದಲ್ಲಿ ಹೋಗುವುದಾದರೆ, ಇಳಿಯಬೇಕಾದದ್ದು ವಿಜಯವಾಡದ ಗನ್ನವರಂ ನಿಲ್ದಾಣದಲ್ಲಿ. ಬೆಂಗಳೂರಿನ ಔಷಧ ಕಂಪನಿಯವರಿಗೆ ಪರವಾಡದ ಫಾರ್ಮಾ ಸಿಟಿ ಇದೆ. ಯಂತ್ರ, ಬಿಡಿಭಾಗ ಪೂರೈಸುವವರಿಗೆ ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆ, ಬಂದರು, ಹಿಂದೂಸ್ತಾನ್ ಶಿಪ್‌ಯಾರ್ಡ್ ಇವೆ. ಹೀಗೆ ಕೆಲಸದ ಮೇಲೆ ಪದೇಪದೇ ಆ ಕಡೆ ಹೋಗಿಬರುವ ಕನ್ನಡಿಗರು ಬಹಳ ಮಂದಿ. ಯಾವ ಕಂಪನಿಯ ವಿಮಾನ ಹತ್ತಬೇಕು, ಯಾರ ಸದಸ್ಯತ್ವ ಪಡೆಯಬೇಕು ಎಂಬ ಬಗ್ಗೆ ಇವರಲ್ಲಿ ಬಾಯಿಂದ ಬಾಯಿಗೆ ಹರಡಿದ ಕೆಲವು ನಂಬಿಕೆಗಳಿವೆ. ಅವುಗಳಲ್ಲಿ ಹೆಚ್ಚಿನವು ದೆಹಲಿ, ಮುಂಬೈನಂಥ ಊರುಗಳ ಲೆಕ್ಕವನ್ನು ಇಲ್ಲಿಗೆ ತಂದು ಹಾಕಿದವು. ದುಡ್ಡೂ ಹೊತ್ತೂ ಹಾಳಾಗುವುದು ಅಲ್ಲೇ.

ನಂಬಿಕೆ: ಒಂದೇ ಕಂಪನಿ ಹಿಡಿದುಕೊಂಡರೆ ಲಾಭ

ಸತ್ಯ: ಹತ್ತಾರು ಆಯ್ಕೆ ಇರುವ ಊರಿನಲ್ಲಿ ಇದು ನಿಜವಾಗಬಹುದು. ವಿಶಾಖಪಟ್ಟಣ, ವಿಜಯವಾಡ ಎರಡರಲ್ಲೂ ಹಾರಾಟದ ದೊಡ್ಡ ಪಾಲು ಇಂಡಿಗೊ ಕಂಪನಿಯದು. ಉಳಿದದ್ದು ಬಹುತೇಕ ಏರ್ ಇಂಡಿಯಾ ಮತ್ತು ಏರ್ ಇಂಡಿಯಾ ಎಕ್ಸ್‌ಪ್ರೆಸ್‌ಗೆ ಸೇರಿದ್ದು. ಆಯ್ಕೆ ಇಷ್ಟೇ ಇರುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ಬೆಳಗಿನ ಮೊದಲ ವಿಮಾನ ಯಾರದು, ಸಂಜೆಯ ಕೊನೆಯ ವಿಮಾನ ಯಾರದು, ಅದು ತಪ್ಪಿದರೆ ಅದೇ ದಿನ ಮತ್ತೊಂದು ಇದೆಯೇ? ದಿನಕ್ಕೆ ಒಂದೇ ಹಾರಾಟವಿರುವ ಕಂಪನಿಯ ಗೋಲ್ಡ್ ಸದಸ್ಯರಾಗಿದ್ದರೂ ಆ ಒಂದು ರದ್ದಾದರೆ ರಾತ್ರಿ ಹೋಟೆಲ್ ಹುಡುಕಬೇಕು. ಮೂರು ನಾಲ್ಕು ಹಾರಾಟವಿರುವ ಕಂಪನಿ ಯಾವ ಸದಸ್ಯತ್ವವೂ ಇಲ್ಲದವರನ್ನೂ ಮುಂದಿನದಕ್ಕೆ ಹತ್ತಿಸಿ ಕಳಿಸುತ್ತದೆ.

ಋತುವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಗನ್ನವರಂ ಮೇಲೆ ದಟ್ಟ ಮಂಜು ಕವಿಯುತ್ತದೆ. ವಿಮಾನ ಇಳಿಯಲಾಗದೆ ಸುತ್ತು ಹಾಕುವುದು, ಬೇರೆ ಊರಿಗೆ ತಿರುಗುವುದು ಆ ದಿನಗಳಲ್ಲಿ ಹೊಸದಲ್ಲ. ಹತ್ತು ಗಂಟೆಗೆ ಟೆಂಡರ್ ತೆರೆಯುತ್ತಾರೆ ಎಂದಾದರೆ ಆ ತಿಂಗಳುಗಳಲ್ಲಿ ಹಿಂದಿನ ಸಂಜೆಯೇ ಹೋಗಿ ಇಳಿದುಕೊಳ್ಳುವುದು ಜಾಣತನ. ವಿಶಾಖಪಟ್ಟಣದ ಸಂಗತಿ ಇನ್ನೊಂದು ಬಗೆಯದು. ಅಲ್ಲಿನ ರನ್‌ವೇ ನೌಕಾಪಡೆಯ ಐಎನ್‌ಎಸ್ ಡೇಗಾ ನೆಲೆಗೆ ಸೇರಿದ್ದು, ನಾಗರಿಕ ವಿಮಾನಗಳು ಅದನ್ನು ಹಂಚಿಕೊಂಡಿವೆ. 2022ರ ನವೆಂಬರ್‌ನಿಂದ ಕೆಲವು ತಿಂಗಳು ದುರಸ್ತಿಗೆಂದು ರಾತ್ರಿ ಹೊತ್ತು ರನ್‌ವೇ ಮುಚ್ಚಿದಾಗ ತಡರಾತ್ರಿಯ ಮತ್ತು ನಸುಕಿನ ಹಾರಾಟಗಳನ್ನೇ ಕೈಬಿಡಬೇಕಾಯಿತು. ಯಾವ ಕಂಪನಿಯ ಯಾವ ಕಾರ್ಡೂ ಅದಕ್ಕೆ ಪರಿಹಾರವಾಗಲಿಲ್ಲ.

ನಂಬಿಕೆ: ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ವಿಮಾನವೇ ಬೇಗ

ಸತ್ಯ: ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಎರಡು ಊರುಗಳ ನಡುವೆ ಸುಮಾರು 290 ಕಿ.ಮೀ. ರೈಲಿನಲ್ಲಿ 350 ಕಿ.ಮೀ. ನೇರ ವಿಮಾನ ಒಂದು ತಾಸಿನಲ್ಲಿ ಮುಟ್ಟಿಸುತ್ತದೆ, ನಿಜ. ಆದರೆ ಈ ಮಾರ್ಗದ ನೇರ ಹಾರಾಟಗಳು ಒಂದು ವೇಳಾಪಟ್ಟಿಯಲ್ಲಿ ಇರುತ್ತವೆ, ಇನ್ನೊಂದರಲ್ಲಿ ಮಾಯವಾಗುತ್ತವೆ. ಆಗ ಹೈದರಾಬಾದ್ ಅಥವಾ ಬೆಂಗಳೂರು ಸುತ್ತಿಕೊಂಡು ಹೋಗಬೇಕು, ಅರ್ಧ ದಿನ ಅಲ್ಲಿಗೇ ಮುಗಿಯಿತು.

ನೇರ ವಿಮಾನ ಇದ್ದಾಗಲೂ ಮನೆಬಾಗಿಲಿನಿಂದ ಲೆಕ್ಕ ಹಾಕಬೇಕು. ಚೆಕ್-ಇನ್ ಕೌಂಟರ್ ಒಂದು ತಾಸು ಮೊದಲೇ ಮುಚ್ಚುತ್ತದೆ, ಅಂದರೆ ಅದಕ್ಕೂ ಮುಂಚೆ ನಿಲ್ದಾಣದಲ್ಲಿರಬೇಕು. ಗನ್ನವರಂ ಇರುವುದು ವಿಜಯವಾಡದಿಂದ ಸುಮಾರು 20 ಕಿ.ಮೀ. ಆಚೆ, ಪೂರ್ವಕ್ಕೆ. ಸರ್ಕಾರಿ ಕಡತದ ಕೆಲಸಕ್ಕೆ ಹೋಗುವವರಿಗೆ ಬೇಕಾದ ಸಚಿವಾಲಯ ಇರುವುದು ಅಮರಾವತಿಯ ವೆಲಗಪೂಡಿಯಲ್ಲಿ, ನಗರದ ಇನ್ನೊಂದು ಮಗ್ಗುಲಲ್ಲಿ, ಕೃಷ್ಣಾ ನದಿಯ ಆಚೆ ದಡದಲ್ಲಿ. ರೈಲು ನಿಲ್ದಾಣವಾದರೋ ಊರ ನಡುವೆಯೇ ಇದೆ. 2023ರ ಜನವರಿ 15ರಂದು ಶುರುವಾದ ಸಿಕಂದರಾಬಾದ್–ವಿಶಾಖಪಟ್ಟಣ ವಂದೇ ಭಾರತ್ ಎರಡು ಊರುಗಳ ನಡುವಿನ ದಾರಿಯನ್ನು ನಾಲ್ಕು ತಾಸಿನ ಆಸುಪಾಸಿನಲ್ಲಿ ಮುಗಿಸುತ್ತದೆ. ರತ್ನಾಚಲ್ ಎಕ್ಸ್‌ಪ್ರೆಸ್‌ ಅದಕ್ಕಿಂತ ನಿಧಾನ, ಆದರೂ ಆ ಭಾಗದ ನೌಕರರು, ವ್ಯಾಪಾರಿಗಳು ಅದನ್ನು ಬಿಟ್ಟಿಲ್ಲ. ಕುಳಿತಲ್ಲೇ ಲ್ಯಾಪ್‌ಟಾಪ್ ತೆರೆದು ಕೆಲಸ ಮಾಡುವವರಿಗೆ ರೈಲಿನ ನಾಲ್ಕು ತಾಸು ಪೂರ್ತಿ ಉಪಯೋಗಕ್ಕೆ ಬರುತ್ತದೆ. ವಿಮಾನದಲ್ಲಿ ಹೋದರೆ ಆ ಹೊತ್ತು ಸಾಲು, ತಪಾಸಣೆ, ಟ್ಯಾಕ್ಸಿ ಎಂದು ಚೂರುಚೂರಾಗುತ್ತದೆ.

ಭೋಗಾಪುರದ ಲೆಕ್ಕವೂ ಇದರಲ್ಲಿ ಸೇರಬೇಕು. ವಿಶಾಖಪಟ್ಟಣದ ಹಾರಾಟಗಳಿಗಾಗಿ ವಿಜಯನಗರಂ ಜಿಲ್ಲೆಯ ಭೋಗಾಪುರದಲ್ಲಿ ಜಿಎಂಆರ್ ಸಂಸ್ಥೆ ಕೈಗೆತ್ತಿಕೊಂಡ ಹೊಸ ವಿಮಾನ ನಿಲ್ದಾಣಕ್ಕೆ ಅಲ್ಲೂರಿ ಸೀತಾರಾಮರಾಜು ಅವರ ಹೆಸರು. ಅದು ನಗರದಿಂದ 45 ಕಿ.ಮೀ. ಆಸುಪಾಸು ಉತ್ತರಕ್ಕಿದೆ. ಗಾಜುವಾಕ, ಉಕ್ಕುನಗರ, ಪರವಾಡ ಇರುವುದು ದಕ್ಷಿಣಕ್ಕೆ. ನೌಕಾಪಡೆಯ ರನ್‌ವೇ ಇರುವ ಹಳೆಯ ನಿಲ್ದಾಣ ಅಲ್ಲಿನವರಿಗೆ ಹತ್ತಿರ. ಹೊಸದಕ್ಕೆ ಹೋಗಬೇಕೆಂದರೆ ಇಡೀ ನಗರವನ್ನು ದಾಟಬೇಕು. ವಿಜಯವಾಡದ ಮಟ್ಟಿಗೆ ಅವರ ಪಾಲಿಗೆ ರೈಲೇ ಗೆದ್ದಂತೆ. ಬೆಂಗಳೂರಿಗೆ, ಸುಮಾರು 775 ಕಿ.ಮೀ. ದೂರಕ್ಕೆ, ವಿಮಾನವೇ ಸರಿ.

ರೈಲನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ ಎಂಬುದನ್ನು 2024ರ ಸೆಪ್ಟೆಂಬರ್ ತೋರಿಸಿತು. ಬುಡಮೇರು ಹಳ್ಳ ಉಕ್ಕಿ ವಿಜಯವಾಡ ಮುಳುಗಿದ ಆ ದಿನಗಳಲ್ಲಿ ನೂರಾರು ರೈಲುಗಳು ರದ್ದಾದವು.

ನಂಬಿಕೆ: ದೂರ ಹಾರಿದಷ್ಟೂ ಮೈಲು, ಮೈಲು ಸೇರಿದಷ್ಟೂ ಪುಕ್ಕಟೆ ಟಿಕೆಟ್ಟು

ಸತ್ಯ: ಹಳೆಯ ಕಾಲದಲ್ಲಿ ಹಾಗಿತ್ತು. ಏರ್ ಇಂಡಿಯಾದ ಫ್ಲೈಯಿಂಗ್ ರಿಟರ್ನ್ಸ್ 2024ರಲ್ಲಿ ಖರ್ಚಿನ ಲೆಕ್ಕಕ್ಕೆ ಬದಲಾಯಿತು; ಅದೇ ಈಗ ಮಹಾರಾಜ ಕ್ಲಬ್. 2006ರಿಂದ ಹಾರುತ್ತಿರುವ ಇಂಡಿಗೊ ತನ್ನದೇ ಬ್ಲೂಚಿಪ್ ಯೋಜನೆ ತಂದದ್ದು 2024ರಲ್ಲಿ; ಅಲ್ಲೂ ಕೊಟ್ಟ ರೂಪಾಯಿಗೆ ತಕ್ಕಂತೆ ಪಾಯಿಂಟು. ಟಿಕೆಟ್ಟಿನ ಮೇಲಿನ ತೆರಿಗೆ, ನಿಲ್ದಾಣ ಶುಲ್ಕಗಳಿಗೆ ಪಾಯಿಂಟ್ ಸಿಗುವುದಿಲ್ಲ. ಪಾಯಿಂಟ್ ಕೊಟ್ಟು ಟಿಕೆಟ್ ಪಡೆದಾಗಲೂ ಆ ತೆರಿಗೆ, ಶುಲ್ಕಗಳನ್ನು ಸಾಮಾನ್ಯವಾಗಿ ಕೈಯಿಂದ ಕಟ್ಟಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಟಿಕೆಟ್ ದರ ₹6,000, ಅದರಲ್ಲಿ ತೆರಿಗೆ, ಶುಲ್ಕ ₹1,000. ಅದೇ ಸೀಟಿಗೆ 10,000 ಪಾಯಿಂಟ್ ಕೇಳುತ್ತಾರೆ ಎಂದರೆ ನಿಮಗೆ ಉಳಿದದ್ದು ₹5,000, ಅಂದರೆ ಪಾಯಿಂಟಿಗೆ 50 ಪೈಸೆ. ಈಗ 300 ಪಾಯಿಂಟ್ ಬರುತ್ತದೆಂದು ₹900 ಹೆಚ್ಚು ದರದ ವಿಮಾನ ಹತ್ತಿದರೆ ₹150ರ ವಸ್ತುವಿಗೆ ₹900 ಕೊಟ್ಟಂತೆ. ಪ್ರತಿ ಬಾರಿಯೂ ಈ ಸಣ್ಣ ಭಾಗಾಕಾರ ಮಾಡಿ ನೋಡಿ. ಪಾಯಿಂಟಿನ ಆಸೆಗೆ ಹೆಚ್ಚು ದರ ಕೊಡುವುದು ಅಪರೂಪಕ್ಕಷ್ಟೇ ಲಾಭವಾಗುತ್ತದೆ.

ಸದಸ್ಯತ್ವಕ್ಕೆ ಶುಲ್ಕವಿಲ್ಲ. ಎರಡೂ ಕಡೆ ಸೇರಿಕೊಳ್ಳಿ, ನಿಮ್ಮ ಸಂಖ್ಯೆಯನ್ನು ಕಂಪನಿಯ ಟ್ರಾವೆಲ್ ಏಜೆಂಟರಿಗೆ ಕೊಟ್ಟಿಡಿ, ಗುರುತಿನ ಚೀಟಿಯಲ್ಲಿರುವ ಹೆಸರೇ ಸದಸ್ಯತ್ವದಲ್ಲೂ ಇರಲಿ. ಪಾಯಿಂಟ್ ತಾನಾಗಿ ಬಂದರೆ ಬರಲಿ.

ನಂಬಿಕೆ: ಸ್ಟಾರ್ ಅಲಯನ್ಸ್ ಗೋಲ್ಡ್ ಇದ್ದರೆ ಎಲ್ಲೆಡೆ ಮರ್ಯಾದೆ

ಸತ್ಯ: ಏರ್ ಇಂಡಿಯಾ 2014ರ ಜುಲೈನಲ್ಲಿ ವಿಮಾನ ಕಂಪನಿಗಳ ಒಕ್ಕೂಟವಾದ ಸ್ಟಾರ್ ಅಲಯನ್ಸ್ ಸೇರಿತು. ಅದರ ಗೋಲ್ಡ್ ಸವಲತ್ತು ನಡೆಯುವುದು ಒಕ್ಕೂಟದ ಸದಸ್ಯ ಕಂಪನಿಗಳ ವಿಮಾನದಲ್ಲಿ ಮಾತ್ರ. ಇಂಡಿಗೊ ಸದಸ್ಯ ಅಲ್ಲ. ಏರ್ ಇಂಡಿಯಾದ ಅಂಗಸಂಸ್ಥೆಯಾದರೂ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಕೂಡ ಸದಸ್ಯ ಅಲ್ಲ, ಮತ್ತು ಚಿಕ್ಕ ಊರುಗಳ ಅನೇಕ ಮಾರ್ಗಗಳನ್ನು ಟಾಟಾ ಬಳಗ ಅದಕ್ಕೇ ವಹಿಸಿದೆ. ವಿಶಾಖಪಟ್ಟಣದಿಂದ ಸಿಂಗಪುರಕ್ಕೆ ಹಾರುವ ಸ್ಕೂಟ್ ಸಿಂಗಪುರ ಏರ್‌ಲೈನ್ಸ್ ಬಳಗದ್ದೇ, ಅದೂ ಒಕ್ಕೂಟದ ಹೊರಗೆ. ಸ್ಕೂಟ್‌ನಲ್ಲಿ ಹಾರಿದವರು ಸಿಂಗಪುರ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಮೈಲು ಗಳಿಸಬಹುದು, ಆದರೆ ಆ ಮೈಲುಗಳ ಆಯಸ್ಸು 36 ತಿಂಗಳು. ದೆಹಲಿ ದಾಟಿ ಯೂರೋಪು, ಅಮೆರಿಕಕ್ಕೆ ಆಗಾಗ ಹೋಗುವವರಿಗೆ ಗೋಲ್ಡ್ ಬೆಲೆಯುಳ್ಳದ್ದು. ಬೆಂಗಳೂರು–ವಿಜಯವಾಡ ಓಡಾಡುವವರು ಅದರ ಹಿಂದೆ ಬೀಳಬೇಕಿಲ್ಲ.

ನಂಬಿಕೆ: ಕೂಡಿಟ್ಟ ಪಾಯಿಂಟು ಬ್ಯಾಂಕಿನ ಠೇವಣಿಯಂತೆ

ಸತ್ಯ: ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರಲ್ಲಿ ಕಟ್ಟಿದ ಏರ್ ಡೆಕ್ಕನ್, ಹುಬ್ಬಳ್ಳಿ, ವಿಜಯವಾಡದಂಥ ಊರುಗಳಿಗೆ ಪುಟ್ಟ ಎಟಿಆರ್ ವಿಮಾನ ಹಾರಿಸಿ ಸಾಮಾನ್ಯರನ್ನು ಆಕಾಶಕ್ಕೆ ಏರಿಸಿತು. ಅದು ಕಿಂಗ್‌ಫಿಷರ್‌ನಲ್ಲಿ ಕರಗಿತು. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ನಿಂತಾಗ ಕಿಂಗ್ ಕ್ಲಬ್ ಮೈಲುಗಳೂ ಅದರ ಜೊತೆಗೇ ಹೋದವು. 2019ರ ಏಪ್ರಿಲ್ 17ರಂದು ಜೆಟ್ ಏರ್‌ವೇಸ್ ನಿಂತಿತು; ಅದರ ಮೈಲು ಯೋಜನೆ ಬೇರೆ ಕಂಪನಿಯಾಗಿದ್ದರಿಂದ ಹೆಸರು ಬದಲಿಸಿಕೊಂಡು ಉಳಿಯಿತು, ಹಾರಲು ಜೆಟ್ ವಿಮಾನಗಳು ಮಾತ್ರ ಇರಲಿಲ್ಲ. 2024ರ ನವೆಂಬರ್ 12ರಂದು ವಿಸ್ತಾರ ಏರ್ ಇಂಡಿಯಾದಲ್ಲಿ ವಿಲೀನವಾದಾಗ ಸದಸ್ಯರ ಪಾಯಿಂಟುಗಳು ಒಂದಕ್ಕೆ ಒಂದರಂತೆ ವರ್ಗವಾದವು. ಮೂರು ಕಂಪನಿ, ಮೂರು ಬೇರೆಬೇರೆ ಕೊನೆ. ಠೇವಣಿಗೆ ವಿಮೆಯಿದೆ, ಪಾಯಿಂಟಿಗಿಲ್ಲ. ಒಂದು ಟಿಕೆಟ್ಟಿಗೆ ಸಾಲುವಷ್ಟು ಸೇರಿದೊಡನೆ ಬಳಸಿಬಿಡಿ.

ನಂಬಿಕೆ: ಕಾರ್ಡ್ ಇದ್ದವರಿಗಷ್ಟೇ ಪರಿಹಾರ

ಸತ್ಯ: ಇದು ಎಲ್ಲಕ್ಕಿಂತ ನಷ್ಟದ ತಪ್ಪು ಕಲ್ಪನೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮ ಅತಿ ಅಗ್ಗದ ಟಿಕೆಟ್ಟಿನವರಿಗೂ ಅನ್ವಯಿಸುತ್ತದೆ. ಸಾಕಷ್ಟು ಮುಂಚೆ ತಿಳಿಸದೆ ಹಾರಾಟ ರದ್ದು ಮಾಡಿದರೆ ಬದಲಿ ವಿಮಾನ ಅಥವಾ ಹಣ ವಾಪಸ್ಸು ಕೊಡಬೇಕು. ಅದರ ಮೇಲೆ ಪರಿಹಾರವಾಗಿ ಒಂದು ತಾಸಿನೊಳಗಿನ ಹಾರಾಟಕ್ಕೆ ₹5,000, ಒಂದರಿಂದ ಎರಡು ತಾಸಿನದಕ್ಕೆ ₹7,500, ಅದಕ್ಕಿಂತ ದೀರ್ಘವಾದದ್ದಕ್ಕೆ ₹10,000. ಮೂಲದರ ಮತ್ತು ಇಂಧನ ಶುಲ್ಕದ ಮೊತ್ತ ಇದಕ್ಕಿಂತ ಕಡಿಮೆಯಿದ್ದರೆ ಅಷ್ಟು. ಟಿಕೆಟ್ ಖಾತ್ರಿಯಾಗಿದ್ದೂ ಸೀಟಿಲ್ಲವೆಂದು ಹತ್ತಿಸಿಕೊಳ್ಳದೆ, ಒಂದು ತಾಸಿನೊಳಗೆ ಹೊರಡುವ ಬದಲಿ ವಿಮಾನವನ್ನೂ ಕೊಡದಿದ್ದರೆ ಪರಿಹಾರ ₹20,000ದವರೆಗೂ ಹೋಗಬಹುದು. ಮಂಜು, ಚಂಡಮಾರುತದಂಥ ಕಾರಣಕ್ಕೆ ನಗದು ಪರಿಹಾರವಿಲ್ಲ. ಟಿಕೆಟ್ ಹಣ ಅಥವಾ ಬದಲಿ ವಿಮಾನ ಕೇಳುವ ಹಕ್ಕು ಆಗಲೂ ಇರುತ್ತದೆ.

ದೊಡ್ಡ ಕಂಪನಿ ಕೈಬಿಡುವುದಿಲ್ಲ ಎಂಬ ಭರವಸೆಯೂ 2025ರ ಡಿಸೆಂಬರ್ ಮೊದಲ ವಾರದಲ್ಲಿ ಸುಳ್ಳಾಯಿತು. ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ತಕ್ಕ ಸಿಬ್ಬಂದಿ ಹೊಂದಿಸಲಾಗದೆ ಇಂಡಿಗೊ ದೇಶದಾದ್ಯಂತ ಸಾವಿರಾರು ಹಾರಾಟ ರದ್ದು ಮಾಡಿತು. ಉಳಿದ ಕಂಪನಿಗಳ ದರ ಗಗನಕ್ಕೇರಿದಾಗ ಕೇಂದ್ರ ಸರ್ಕಾರವೇ ಮಧ್ಯೆ ಬಂದು ದರಕ್ಕೆ ಮಿತಿ ಹಾಕಬೇಕಾಯಿತು. ಅಂಥ ದಿನ ಎರಡನೆಯ ಕಂಪನಿಯ ಆ್ಯಪ್, ರೈಲಿನ ಬುಕಿಂಗ್ ಎರಡೂ ಫೋನಿನಲ್ಲಿ ಸಿದ್ಧವಿದ್ದವರಿಗೆ ಬೇರೆ ದಾರಿ ಹುಡುಕುವುದು ಸುಲಭವಾಗುತ್ತದೆ.

ನಂಬಿಕೆ: ಪಾಯಿಂಟ್ ಒಂದೇ ಉಳಿತಾಯ

ಸತ್ಯ: ಕಂಪನಿಯ ಖರ್ಚಿನಲ್ಲಿ ಓಡಾಡುವವರು ಮರೆಯುವುದು ಜಿಎಸ್‌ಟಿ. ಎಕಾನಮಿ ಟಿಕೆಟ್ಟಿಗೆ ಶೇ 5, ಬಿಸಿನೆಸ್ ಕ್ಲಾಸಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 18. ಬುಕ್ ಮಾಡುವಾಗಲೇ ಕಂಪನಿಯ ಜಿಎಸ್‌ಟಿ ಸಂಖ್ಯೆ ಕೊಟ್ಟರೆ, ಬೆಂಗಳೂರಿನಲ್ಲಿ ನೋಂದಣಿಯಾದ ಕಂಪನಿಗೆ ಆ ಸೇವೆ ಕರ್ನಾಟಕದ ಲೆಕ್ಕಕ್ಕೆ ಸೇರುತ್ತದೆ, ಕಟ್ಟಿದ ತೆರಿಗೆಯ ಕ್ರೆಡಿಟ್ ಸಿಗುತ್ತದೆ. ಕೊಡದಿದ್ದರೆ ವಿಮಾನ ಹತ್ತಿದ ಊರಿನ ರಾಜ್ಯದ ಲೆಕ್ಕ, ಕ್ರೆಡಿಟ್ ಕೈತಪ್ಪಿತು. ಮೂಲದರ ₹5,000 ಇದ್ದರೆ ₹250 ಖಚಿತವಾಗಿ ಬರುವ ಹಣ. ಮೇಲಿನ ಉದಾಹರಣೆಯ 300 ಪಾಯಿಂಟಿಗಿಂತ ಹೆಚ್ಚು.

ಇನ್ನು ಪಾಯಿಂಟ್ ಯಾರದು? ಖಾಸಗಿ ಕಂಪನಿಗಳಲ್ಲಿ ಸಾಮಾನ್ಯವಾಗಿ ಹಾರಿದವರದೇ, ಮಾಲೀಕರು ಬೇರೆ ನಿಯಮ ಮಾಡಿರದಿದ್ದರೆ. ಕೇಂದ್ರ ಸರ್ಕಾರಿ ನೌಕರರಿಗೆ ಹಾಗಲ್ಲ. ಅಧಿಕೃತ ಪ್ರವಾಸದಲ್ಲಿ ಬಂದ ಮೈಲುಗಳನ್ನು ಇಲಾಖೆಯ ಮುಂದಿನ ಪ್ರವಾಸಕ್ಕೇ ಬಳಸಬೇಕೆಂದು ಹಣಕಾಸು ಸಚಿವಾಲಯದ ಸೂಚನೆಯಿದೆ. ಅದನ್ನು ಮನೆಯವರ ರಜೆಯ ಪ್ರವಾಸಕ್ಕೆ ತೆಗೆದಿಟ್ಟುಕೊಳ್ಳುವಂತಿಲ್ಲ.

ಈ ಎರಡು ಊರುಗಳಿಗೆ ಕೆಲಸದ ಮೇಲೆ ಹೋಗುವವರಿಗೆ ನನ್ನ ಸಲಹೆ ಇಷ್ಟು. ಬೆಂಗಳೂರಿನಿಂದ ಹೋಗುವಾಗ ಆ ದಿನ ಹೆಚ್ಚು ಹಾರಾಟವಿರುವ ಕಂಪನಿ, ಎರಡು ಊರುಗಳ ನಡುವೆ ವಂದೇ ಭಾರತ್, ವಿದೇಶಕ್ಕೆ ಆಗಾಗ ಹೋಗುವವರಾದರೆ ಮಾತ್ರ ಮಹಾರಾಜ ಕ್ಲಬ್‌ನ ಮೇಲಿನ ದರ್ಜೆಗೆ ಪ್ರಯತ್ನ. ಮುಂದಿನ ಟಿಕೆಟ್ ತೆಗೆಯುವ ಮೊದಲು ಕಂಪನಿಯ ಜಿಎಸ್‌ಟಿ ಸಂಖ್ಯೆಯನ್ನು ಬುಕಿಂಗ್ ಖಾತೆಯಲ್ಲಿ ಸೇರಿಸಿಡಿ.