ಸಿಂಧನೂರಿನ ಬಂಗಾಲಿ ಕ್ಯಾಂಪ್: 1947ರ ಗೆರೆ ಇಲ್ಲಿವರೆಗೆ ಬಂದಿದ್ದು ಹೇಗೆ?

ಸಿಂಧನೂರು: ತಾಲ್ಲೂಕಿನ ಆರ್‌ಎಚ್ ಕ್ಯಾಂಪ್‌ಗಳಲ್ಲಿರುವ ಬಂಗಾಲಿಗಳನ್ನು 'ಬಾಂಗ್ಲಾದವರು' ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸುವುದು ರೂಢಿ. ಆದರೆ ಇವರಲ್ಲಿ ಬಹುಪಾಲು ಮಂದಿಯ ಹಿರಿಯರು ಊರು ಬಿಟ್ಟಾಗ ಬಾಂಗ್ಲಾದೇಶ ಅನ್ನೋ ದೇಶವೇ ಇರಲಿಲ್ಲ. ಅದು ಪೂರ್ವ ಪಾಕಿಸ್ತಾನ.

1947ರಲ್ಲಿ ಬಂಗಾಳವನ್ನು ಎರಡು ಮಾಡಿದ್ದು ರ್‍ಯಾಡ್‌ಕ್ಲಿಫ್ ಎಂಬ ಇಂಗ್ಲಿಷ್ ವಕೀಲ. ಅದಕ್ಕೂ ಮೊದಲು ಆತ ಭಾರತಕ್ಕೆ ಕಾಲಿಟ್ಟವನೇ ಅಲ್ಲ, ಸಿಕ್ಕಿದ್ದು ಸುಮಾರು ಐದು ವಾರ. ಗಡಿ ಪ್ರಕಟವಾಗಿದ್ದು ಸ್ವಾತಂತ್ರ್ಯ ಬಂದ ಮೇಲೆ, ಆಗಸ್ಟ್ 17ರಂದು. ಹಿಂದೂಗಳು ತುಸು ಹೆಚ್ಚಿದ್ದ ಖುಲ್ನಾ ಜಿಲ್ಲೆಯಲ್ಲಿ ಜನ ಭಾರತದ ಬಾವುಟ ಹಾರಿಸಿ ಕೂತಿದ್ದರು. ಮುಸ್ಲಿಮರು ಹೆಚ್ಚಿದ್ದ ಮುರ್ಷಿದಾಬಾದ್‌ನಲ್ಲಿ ಪಾಕಿಸ್ತಾನದ್ದು. ಗೆರೆ ಬಂದ ಮೇಲೆ ಎರಡೂ ಅದಲು ಬದಲು. ಕೋಲ್ಕತ್ತಾ ಬಂದರಿಗೆ ನೀರು ಹರಿಯುವ ನದಿ ಮುರ್ಷಿದಾಬಾದ್‌ನಲ್ಲಿತ್ತು, ಅದನ್ನು ಬಿಡುವಂತಿರಲಿಲ್ಲ.

ಹಣವಿದ್ದವರು, ಓದಿದವರು ಮೊದಲೇ ಕೋಲ್ಕತ್ತಾ ಸೇರಿದರು. ಹೊಲ, ದೋಣಿ ನಂಬಿದ್ದ ನಾಮಶೂದ್ರ ರೈತರು ಅಲ್ಲೇ ಉಳಿದರು. ಅವರ ನಾಯಕ ಜೋಗೇಂದ್ರನಾಥ ಮಂಡಲ್ ಪಾಕಿಸ್ತಾನದ ಮೊದಲ ಕಾನೂನು ಮಂತ್ರಿಯೇ ಆಗಿದ್ದರು. 1950ರ ಗಲಭೆಗಳ ನಂತರ ಅವರೂ ರಾಜೀನಾಮೆ ಕೊಟ್ಟು ಭಾರತಕ್ಕೆ ಬಂದುಬಿಟ್ಟರು. 1964ರಲ್ಲಿ ಕಾಶ್ಮೀರದ ಹಜರತ್‌ಬಲ್ ದರ್ಗಾದ ಪವಿತ್ರ ಕೇಶ ಕಾಣೆಯಾದ ಸುದ್ದಿಗೆ ದೂರದ ಖುಲ್ನಾದಲ್ಲಿ ಗಲಭೆ ಎದ್ದಿತು. ಮತ್ತಷ್ಟು ಜನ ಗಡಿ ದಾಟಿದರು.

ಪಶ್ಚಿಮ ಬಂಗಾಳದಲ್ಲಿ ಜಾಗ ಸಾಲಲಿಲ್ಲ. ದಂಡಕಾರಣ್ಯದಂಥ ದೂರದ ಕಡೆ ಕೇಂದ್ರ ಸರ್ಕಾರ ಅವರನ್ನು ಕಳಿಸಿತು. ಎಪ್ಪತ್ತರ ದಶಕದ ಆರಂಭದ ಹೊತ್ತಿಗೆ ಕೆಲವು ಕುಟುಂಬಗಳು ತುಂಗಭದ್ರಾ ಎಡದಂಡೆ ಕಾಲುವೆಯ ಈ ಸೀಮೆಗೆ ಬಂದವು. ಭತ್ತ ಗೊತ್ತಿದ್ದ ಕೈಗಳು, ಹಾಗಾಗಿ ಬೇಸಾಯಕ್ಕೆ ಹೊಂದಿಕೊಂಡರು. ಕಾಗದದ ವಿಷಯ ಮಾತ್ರ ಬೇರೆ.

ನಾಮಶೂದ್ರರು ಪಶ್ಚಿಮ ಬಂಗಾಳದಲ್ಲಿ ಪರಿಶಿಷ್ಟ ಜಾತಿ. ಕರ್ನಾಟಕದ ಪಟ್ಟಿಯಲ್ಲಿ ಹೆಸರೇ ಇಲ್ಲ. ಕ್ಯಾಂಪಿನ ಮಕ್ಕಳಿಗೆ ಮೀಸಲಾತಿ, ವಿದ್ಯಾರ್ಥಿವೇತನದ ಮಾತು ಬಂದಾಗ ಈ ಬೇಡಿಕೆ ಮತ್ತೆ ಏಳುತ್ತದೆ. ಪೌರತ್ವದ್ದು ಇನ್ನೊಂದು ತೊಡಕು. ಸಿಎಎ ನಿಯಮ ಬಂದಿದ್ದು 2024ರ ಮಾರ್ಚ್‌ನಲ್ಲಿ. ಅದೇ ವರ್ಷ ಇಲ್ಲಿನ ಕೆಲವರಿಗೆ ಪ್ರಮಾಣಪತ್ರ ಸಿಕ್ಕಿತು. ಅರ್ಜಿಗೆ ಹಳೇ ದೇಶದ ಮೂಲ ತೋರಿಸುವ ದಾಖಲೆ ಒಂದಾದರೂ ಬೇಕು: ಜಮೀನಿನದ್ದೋ, ಶಾಲೆಯದ್ದೋ. ಜೀವ ಉಳಿಸಿಕೊಳ್ಳಲು ಓಡಿ ಬಂದವರ ಮನೆಯಲ್ಲಿ ಅಂಥ ಕಾಗದ ಹುಡುಕುವ ಕೆಲಸ ಈಗ ಮೊಮ್ಮಕ್ಕಳ ಪಾಲಿಗೆ ಬಂದಿದೆ.