ಕೆಂಪು ಹಣ್ಣು, ಕೆಂಪು ರಕ್ತ

ಬಾಗಲಕೋಟೆಯಲ್ಲಾಗಲಿ ಹುನಗುಂದದಲ್ಲಾಗಲಿ, ಗರ್ಭಿಣಿಯ ಮುಖ ಬಿಳಿಚಿತೆಂದರೆ ಅತ್ತೆಯಿಂದ ಹಿಡಿದು ನೆರೆಹೊರೆಯವರವರೆಗೆ ಎಲ್ಲರ ಉಪದೇಶವೂ ಒಂದೇ: “ದಾಳಿಂಬ್ರಿ ತಿನಸ್ರಿ, ರಕ್ತ ಆಕ್ಕೈತಿ.” ಸುಶಿಕ್ಷಿತರೂ ವಿಚಾರಿಸದೆ ಅನುಮೋದಿಸುವ ಈ ಮಾತನ್ನು ಕೇಳಿ ಕೇಳಿ ನನ್ನ ಸಹನೆ ತೀರಿದೆ. ಇಳಕಲ್ಲಿನ ನೂಲು ಬಣ್ಣದ ಹಂಡೆಯಲ್ಲಿ ಅದ್ದಿದೊಡನೆ ಕೆಂಪೇರುವಂತೆ ಮಾನವದೇಹವು ತಿಂದ ಹಣ್ಣಿನ ವರ್ಣವನ್ನು ಹೀರಿಕೊಳ್ಳುವುದಿಲ್ಲ. ದಾಳಿಂಬೆಯ ಕೆಂಪು ಆಂಥೋಸಯನಿನ್, ಬೀಟ್‌ರೂಟಿನದು ಬೀಟಲೈನ್, ರಕ್ತದ್ದಾದರೋ ಕಬ್ಬಿಣಯುಕ್ತವಾದ ಹೀಮ್. ಈ ಮೂರಕ್ಕೂ ಪರಸ್ಪರ ಸಂಬಂಧವಿಲ್ಲ. ನೂರು ಗ್ರಾಂ ದಾಳಿಂಬೆಯಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ. ಬೀಟ್‌ರೂಟಿನಲ್ಲಿ ಫೋಲೇಟ್ ಎಂಬ ಜೀವಸತ್ತ್ವ ಧಾರಾಳವಾಗಿರುವುದು ಸತ್ಯವೇ, ಆದರೆ ಹಸಿರೆಲೆಯಲ್ಲಿಯೂ ಹೆಸರು ಕಡಲೆಗಳಲ್ಲಿಯೂ ಇರುವ ಆ ಸತ್ತ್ವಕ್ಕೂ ಬಣ್ಣಕ್ಕೂ ನಂಟಿಲ್ಲ.

ರಕ್ತಕಣ ಜನಿಸಬೇಕಾದರೆ ಅಸ್ಥಿಮಜ್ಜೆಯ ಕೋಶ ವಿಭಜಿಸಬೇಕು, ವಿಭಜಿಸಬೇಕಾದರೆ ಹೊಸ ಡಿಎನ್‌ಎ ರಚನೆಯಾಗಬೇಕು. ಆ ರಚನೆಗೆ ಬೇಕಾದ ಇಂಗಾಲದ ಪರಮಾಣುವನ್ನು ಸೆರೀನ್ ಎಂಬ ಅಮೈನೊ ಆಮ್ಲದಿಂದ ಬಿಡಿಸಿ ಫೋಲೇಟಿಗೆ ಒಪ್ಪಿಸುವ ಕಿಣ್ವವೇ ಸೆರೀನ್ ಹೈಡ್ರಾಕ್ಸಿಮೀಥೈಲ್ ಟ್ರಾನ್ಸ್‌ಫರೇಸ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಅಪ್ಪಾಜಿ ರಾವ್ ಅವರು ಕುರಿಯ ಯಕೃತ್ತಿನಿಂದ ಇದನ್ನು ಬೇರ್ಪಡಿಸಿ ದೀರ್ಘಕಾಲ ಅಭ್ಯಸಿಸಿದರು. ಫೋಲೇಟ್ ಸಾಲದೆ ಹೋದರೆ ಇಂಗಾಲದ ಈ ವರ್ಗಾವಣೆ ಕುಂಠಿತವಾಗಿ, ಕೋಶಗಳು ವಿಭಜಿಸಲಾರದೆ ಬಲಿಯದೆಯೇ ಹಿಗ್ಗುತ್ತವೆ. ಮುಂಬಯಿಯ ಬಡ ಗರ್ಭಿಣಿಯರಲ್ಲಿ ಈ ತೆರನ ರಕ್ತಹೀನತೆಯು ಫೋಲೇಟಿರುವ ಯೀಸ್ಟಿನ ಸಾರದಿಂದ ಗುಣವಾಗುವುದನ್ನು ವೈದ್ಯೆ ಲೂಸಿ ವಿಲ್ಸ್ 1931ರಲ್ಲಿ ಪ್ರಕಟಿಸಿದರು. ಆ ಸಾರದ ಬಣ್ಣ ಕಡುಗಂದು.

ಬಾದಾಮಿಯ ಬನಶಂಕರಿಯನ್ನು ಶಾಕಂಭರಿಯೆಂದು ಪೂಜಿಸಿ, ಪಲ್ಲೇದ ಹಬ್ಬದಲ್ಲಿ ನೂರೆಂಟು ಬಗೆಯ ಕಾಯಿಪಲ್ಲೆಗಳ ನೈವೇದ್ಯವನ್ನರ್ಪಿಸುವ, ಹಕ್ಕರಕಿ ಮೆಂತ್ಯೆಪಲ್ಲೆಗಳನ್ನು ಜೋಳದ ರೊಟ್ಟಿಯೊಡನೆ ಹಸಿಯಾಗಿಯೇ ತಿನ್ನುವ ನಾಡು, ತನ್ನ ತಟ್ಟೆಯಲ್ಲಿರುವುದನ್ನು ಕಡೆಗಣಿಸಿ ಬಣ್ಣಕ್ಕೆ ಮರುಳಾಗಿರುವುದು ನನಗೆ ನಿಜವಾಗಿಯೂ ವ್ಯಥೆಯ ವಿಷಯ. ಪಲ್ಲೆಯನ್ನು ಬಹಳ ಹೊತ್ತು ಕುದಿಸಿ ನೀರು ಬಸಿದರೆ ಫೋಲೇಟಿನ ಬಹುಭಾಗ ನಷ್ಟವಾಗುತ್ತದೆಂಬುದನ್ನು ನಮ್ಮ ಹಸಿಪಲ್ಲೆ ತಿನ್ನುವವರಿಗೆ ಹೇಳಬೇಕಾಗಿಯೇ ಇಲ್ಲ.

ಸಾದೃಶ್ಯವನ್ನೇ ಕಾರಣವೆಂದು ನಂಬುವ ಚಾಳಿ ಇಷ್ಟಕ್ಕೇ ನಿಲ್ಲದು. ಕೇಸರಿಯಿಂದ ಮಗು ಬೆಳ್ಳಗಾಗುತ್ತದೆ, ಅಕ್ರೋಟು ಮಿದುಳಿನಂತಿರುವುದರಿಂದ ಬುದ್ಧಿ ಬೆಳೆಸುತ್ತದೆ, ಕಬ್ಬಿಣದ ಮಾತ್ರೆಯಿಂದ ಮಗು ಕಪ್ಪಾಗುತ್ತದೆ ಎಂಬುವೆಲ್ಲ ಒಂದೇ ಬಳ್ಳಿಯ ಕಾಯಿಗಳು. ಮಾತ್ರೆಯಿಂದ ಕಪ್ಪಾಗುವುದು ಮಲವೇ ಹೊರತು ಮಗುವಲ್ಲ. ಈ ಭೀತಿಯಿಂದಲೇ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ (ಫೋಲೇಟಿನ ಕೃತಕ ರೂಪ) ಇವುಗಳಿರುವ ಸರಕಾರದ ಉಚಿತ ಮಾತ್ರೆಯನ್ನು ಸೇವಿಸದೆ, ಅದೇ ಕೈಯಿಂದ ದುಬಾರಿ ಹಣ್ಣನ್ನು ಕೊಳ್ಳುವ ಕುಟುಂಬಗಳುಂಟು. ಬಸುರಿಗೆ ಮೂರು ತಿಂಗಳಾದ ಮೇಲೆ ಫೋಲಿಕ್ ಆಮ್ಲವನ್ನು ಆರಂಭಿಸಿದರೆ ಸಾಕೆಂಬುದೂ ತಪ್ಪು. ಶಿಶುವಿನ ಮಿದುಳು, ಬೆನ್ನುಹುರಿಗಳಾಗುವ ನಾಳವು ಗರ್ಭಧಾರಣೆಯಾದ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುವುದರಿಂದ, ಫೋಲಿಕ್ ಆಮ್ಲದ ಸೇವನೆ ಗರ್ಭಕ್ಕೆ ಮುನ್ನವೇ ಆರಂಭವಾಗತಕ್ಕದ್ದು.