ನಿಮಗಿದು ಗೊತ್ತೆ? ಹಗೇವಿನಂಥ ಹಂಡೆಯಲ್ಲಿ ಮಠದ ಕೆಂಪು ವೈನ್

ಕೊರಟಗೆರೆ, ಮಧುಗಿರಿ ಕಡೆಯ ಹಿರಿಯರಿಗೆ ಹಗೇವು ಹೊಸದಲ್ಲ. ನೆಲ ಅಗೆದು ರಾಗಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ಜಾರ್ಜಿಯಾ ದೇಶದಲ್ಲಿ ದ್ರಾಕ್ಷಾರಸವನ್ನೂ ಹೀಗೇ ನೆಲದೊಳಗೆ ಇಡುತ್ತಾರೆ!

ಅಲ್ಲಿನ ಕಾಖೇತಿ ಪ್ರಾಂತ್ಯದ ಅಲಾವೆರ್ದಿ ಕ್ರೈಸ್ತ ಮಠದ ದೊಡ್ಡ ಇಗರ್ಜಿ 11ನೇ ಶತಮಾನದ್ದು. ಸೋವಿಯತ್ ಆಡಳಿತದಲ್ಲಿ ಮಠದ ಬದುಕೇ ನಿಂತುಹೋಗಿತ್ತು. 2006ರಲ್ಲಿ ಹಳೆಯ ವೈನ್ ಮನೆಗೆ ಮತ್ತೆ ಜೀವ ಬಂತು. ಸನ್ಯಾಸಿಗಳೇ ಈಗ ವೈನ್ ಮಾಡುತ್ತಾರೆ. ಅವರ ಪಾತ್ರೆ ಕ್ವೆವ್ರಿ, ಕುತ್ತಿಗೆಯವರೆಗೂ ಹೂತ ಮೊಟ್ಟೆಯಾಕಾರದ ಮಣ್ಣಿನ ಹಂಡೆ. ಒಳಮೈಗೆ ಜೇನುಮೇಣ ಸವರಿರುತ್ತಾರೆ. ರಸದ ಜೊತೆ ಸಿಪ್ಪೆ, ಬೀಜವೂ ಅದರಲ್ಲೇ ಹುದುಗುತ್ತವೆ. ಮಣ್ಣಿನ ತಂಪು ಹದ ಕಾಯುತ್ತದೆ. ಈ ವಿಧಾನವನ್ನು ಯುನೆಸ್ಕೊ 2013ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಎಷ್ಟು ಚೆಂದದ ಗೌರವ!

ಅಲ್ಲಿನ ಕೆಂಪು ದ್ರಾಕ್ಷಿ ಸಪೆರಾವಿ. ಅದರ ತಿರುಳೂ ಕೆಂಪು. ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಯನ್ನು ಬೆರಳಲ್ಲಿ ಒತ್ತಿ ನೋಡಿ: ದಪ್ಪ ಸಿಪ್ಪೆ ಕಳಚಿ, ಮಸುಕು ಹಸಿರಿನ ಲೋಳೆ ತಿರುಳು ಜಾರಿ ಬರುತ್ತದೆ, ಬೆರಳಿಗೆ ನೇರಳೆ ಬಣ್ಣ ಅಂಟುತ್ತದೆ. ಇದರ ವೈನಿಗೆ ಬಣ್ಣ ಕೊಡುವುದು ಆ ಸಿಪ್ಪೆಯೇ. ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಈ ತಳಿ ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಸುತ್ತ ಬೆಳೆಯುತ್ತದೆ.